ಮನೆಯಲ್ಲೇ ಚಿಪ್ಪುಕವಚ ಕಟ್ಟೋದು: ಮೊದಲು ಹೆಲ್ಮೆಟ್ಟಾ, ಮೊದಲು ಮಂಡಿಯಾ?

ಚಿಪ್ಪುಹಂದಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಇಂಜಿನಿಯರಿಂಗ್ ಮೂರನೇ ವರ್ಷ, ಹಾಸ್ಟೆಲ್ ವಾಸ. ಬೆಂಗಳೂರಿನ ಕಾಮಿಕ್ ಕಾನ್‌ಗೆ (ಕಾಮಿಕ್ಸ್, ಸಿನಿಮಾ ಅಭಿಮಾನಿಗಳು ಪಾತ್ರಗಳ ವೇಷ ತೊಟ್ಟು ಸೇರೋ ಮೇಳ) ಇನ್ನು ಹತ್ತು ವಾರ ಇದೆ. ಹೋದ ಸಲ ಬಾಡಿಗೆ ವೇಷ ಹಾಕ್ಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟ ಹತ್ತೇ ನಿಮಿಷಕ್ಕೆ ಅದೇ ವೇಷದ ಇನ್ನೂ ನಾಲ್ಕು ಜನ ಎದುರಾದ್ರು. ಮುಖವಾಡ ಇತ್ತು, ಪುಣ್ಯ.

ಈ ಸಲ ನಾನೇ ಕಟ್ತೀನಿ ಅಂತ ಹಠ. ಯಾವ ಸಿನಿಮಾ ಪಾತ್ರವೂ ಅಲ್ಲ, ಸ್ವಂತ ಕಲ್ಪನೆ: ಚಿಪ್ಪುಹಂದಿ ಯೋಧ. ಎದೆಗೂ ಬೆನ್ನಿಗೂ ಗಟ್ಟಿ ಕವಚ, ಹೊಟ್ಟೆ, ತೊಡೆ, ಭುಜದ ಮೇಲೆ ಒಂದರ ಮೇಲೊಂದು ಚಿಪ್ಪು, ಉದ್ದ ಮೂತಿಯ ಹೆಲ್ಮೆಟ್. ಮೂತಿ ರಟ್ಟಿನಲ್ಲಿ ಅರ್ಧ ಆಗಿದೆ. ಕಣ್ಣಿಗೆ ಹಳದಿ ಎಲ್‌ಇಡಿ ಹಾಕಿ ರಾತ್ರಿ ಲೈಟ್ ಆರಿಸಿ ನೋಡಿದೆ, ರೂಮ್‌ಮೇಟ್ ಕಿರುಚಿದ. ಅಲ್ಲಿಗೆ ಒಂದು ಪರೀಕ್ಷೆ ಪಾಸು.

ಕೈಯಲ್ಲಿರೋದು 5,000 ರೂಪಾಯಿ, ಒಂದು ಕಟರ್, ಒಂದು ಗ್ಲೂ ಗನ್. ಉಳಿದ ಕವಚಕ್ಕೆ ಯಾವ ವಸ್ತು ತಗೊಳ್ಲಿ? ಅಳತೆ ಹೇಗೆ ತೆಗೀಲಿ? ಕಟ್ಟಿದವರು ಯಾರಾದರೂ ಇದ್ದರೆ ಹೇಳಿ.

ರಟ್ಟಿನ ಮೇಷ್ಟ್ರು (ಹಾಸನ)

ಮೂತಿ ಚೆನ್ನಾಗಿರುತ್ತೆ ಬಿಡು ಮರಿ. ಕೂತ್ಕೊಳ್ಳೋದು ಹೇಗೆ ಅಂತ ಯೋಚಿಸಿದ್ದೀಯಾ?

ನಮ್ಮ ಶಾಲೆ ವಾರ್ಷಿಕೋತ್ಸವಕ್ಕೆ ಒಮ್ಮೆ ರಾಜನ ಪಾತ್ರದ ಹುಡುಗನಿಗೆ ಫ್ರಿಜ್ ಬಂದ ಡಬ್ಬದ ರಟ್ಟಲ್ಲಿ ಕವಚ ಮಾಡಿದ್ದೆ. ತಗಡಿನ ಬಣ್ಣ, ಗುಂಡುಸೂಜಿ ತಲೆಯ ರಿವೆಟ್ಟು, ನೋಡೋಕೆ ಪರಮಾದ್ಭುತ. ತೊಡೆ ಭಾಗ ಮಂಡಿ ತನಕ ಒಂದೇ ಕೊಳವೆ. ವೇದಿಕೆ ಹತ್ತೋಕೆ ಮೂರೇ ಮೆಟ್ಟಿಲು, ಹುಡುಗನ ಕಾಲು ಏಳಲೇ ಇಲ್ಲ. ಕೊನೆಗೆ ಇಬ್ಬರು ಸೈನಿಕರು ರಾಜನನ್ನ ಬಾಳೆಗೊನೆ ಎತ್ತಿದ ಹಾಗೆ ಎತ್ತಿ ಮೇಲಿಟ್ಟರು. ಮಗ ಸತ್ತ ಸುದ್ದಿ ಕೇಳಿ ರಾಜ ಕುಸಿದು ಕೂರಬೇಕಿದ್ದ ದೃಶ್ಯ. ಕೂರೋಕೂ ಆಗಲಿಲ್ಲ, ನಿಂತೇ ಅತ್ತ. ಸಭೆಯೆಲ್ಲ ನಗು.

ಅವತ್ತಿಂದ ನನ್ನ ಕ್ರಮ ಒಂದೇ. ಮೊದಲು ಮಂಡಿ, ಸೊಂಟ, ಕಂಕುಳು. ಆಮೇಲೆ ಎದೆ. ತಲೆ ಕಟ್ಟಕಡೆಗೆ.

ಚಿಪ್ಪುಹಂದಿ

ಸಾರ್, ಆದ್ರೆ ಜನ ಫೋಟೋ ತೆಗೆಯೋದು ಹೆಲ್ಮೆಟ್‌ದೇ ಅಲ್ವಾ? ಮಂಡಿ ಯಾರು ನೋಡ್ತಾರೆ?

ರಟ್ಟಿನ ಮೇಷ್ಟ್ರು

ಯಾರೂ ನೋಡಲ್ಲ. ನೀನು ಬಿದ್ದಾಗ ಮಾತ್ರ ನೋಡ್ತಾರೆ.

ಚೌಕಿಮನೆ (ಕುಂದಾಪುರ)

ಮೇಷ್ಟ್ರು ಹೇಳಿದ್ದು ಸರಿ ಉಂಟು. ನಮ್ಮ ದೊಡ್ಡಪ್ಪ ಯಕ್ಷಗಾನ ಮೇಳಗಳಿಗೆ ವೇಷದ ಸಾಮಾನು ಮಾಡ್ತಿದ್ರು. ನಾನು ಸಣ್ಣಾಗಿದ್ದಾಗ ಅವರ ಹಿಂದೆ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಕೂತು ನೋಡಿದ್ದು ಹೇಳ್ತೇನೆ.

ಕಿರೀಟ, ಭುಜಕೀರ್ತಿ, ಎದೆಪದಕ, ಎಲ್ಲ ದೂರಕ್ಕೆ ಅಪ್ಪಟ ಚಿನ್ನ. ಕೈಗೆ ತಗೊಂಡ್ರೆ ಹಗುರ ಮರ ಮಾರಾಯ್ರೆ! ಕೆತ್ತಿ, ಬೇಗಡೆ ಅಂಟಿಸಿ, ನಡುನಡುವೆ ಕನ್ನಡಿ ಚೂರು ಕೂರಿಸಿದ್ದು. ದೀಪದ ಬೆಳಕು ಬಿದ್ದಾಗ ಹೊಳೆಯುವುದು ಆ ಚೂರುಗಳು. ಅದನ್ನು ಹೊತ್ತು ರಾತ್ರಿಯಿಡೀ ಕುಣಿಯಬೇಕಲ್ಲ, ಗಿರಕಿ ಹೊಡೆಯಬೇಕು, ಮಂಡಿ ಊರಿ ಸುತ್ತಬೇಕು. ಹಾಗಾಗಿ ಕೀಲು ಬಗ್ಗುವ ಜಾಗದಲ್ಲಿ ಗಟ್ಟಿ ವಸ್ತು ಇಡುವುದೇ ಇಲ್ಲ. ಅಲ್ಲೆಲ್ಲ ಬಟ್ಟೆ, ಹುರಿ, ಗಂಟು. ಗಟ್ಟಿ ಇರುವುದು ಎಲುಬು ನೇರ ಇರುವ ಕಡೆ ಮಾತ್ರ: ಎದೆ, ತೋಳಿನ ನಡು, ಮುಂಗೈ.

ಇನ್ನೊಂದು. ವೇಷ ಜಾರಿದ್ರೆ ರಂಗಸ್ಥಳದಲ್ಲಿ ಸರಿ ಮಾಡ್ಲಿಕ್ಕೆ ಆಗುದಿಲ್ಲ. ಅದಕ್ಕೆ ಒಳಗೆ ಸೊಂಟಕ್ಕೂ ತಲೆಗೂ ಬಟ್ಟೆ ಸುತ್ತಿ ಸುತ್ತಿ ಅಡಿಪಾಯ ಹಾಕ್ತಾರೆ, ಆಮೇಲೆ ಅದರ ಮೇಲೆ ಕಟ್ಟುದು. ನೀವು ಬರಿ ಟೀಶರ್ಟ್ ಮೇಲೆ ಕವಚ ಇಟ್ರೆ ಅದು ಕವಚ ಅಲ್ಲ, ಹ್ಯಾಂಗರಿಗೆ ಹಾಕಿದ ಅಂಗಿ.

ಹಳೆ ಸೈಕಲ್

ಹತ್ತು ವಾರ, ಐದು ಸಾವಿರ, ಇದರ ಜೊತೆಗೆ ಸೆಮಿಸ್ಟರ್ ಪರೀಕ್ಷೆ. ಬಾಡಿಗೆ ವೇಷ ತಂದು ಸುಮ್ನೆ ಇರೋದಲ್ವಾ ಗುರು.

ಚಿಪ್ಪುಹಂದಿ

ನಾಲ್ಕು ಜನ ಸಿಕ್ಕಿದ್ರು ಅಂದ್ನಲ್ಲ ಅಣ್ಣ.

ಸೀಟ್‌ಕವರ್ ಹುಬ್ಬಳ್ಳಿ

ತಮ್ಮಾ, ವಸ್ತು ಯಾವುದು ಅಂತ ಕೇಳೀ, ಅದಕ್ಕ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡ್ತೀನಿ. ನಂದು ಕಾರಿನ ಸೀಟ್ ಕವರ್ ಅಂಗಡಿ, ಫೋಮು ಅಂಟು ಎರಡೂ ದಿನದ ಊಟ ಇದ್ದಂಗ.

ಇವಿಎ ಫೋಮ್ ತಗೋ. ಚಪ್ಪಲಿ, ಶೂ ಸೋಲ್ ಮಾಡೋ ಶೀಟು. ಸಣ್ಣ ಹುಡುಗ್ರು ಆಡಾಕ ನೆಲಕ್ಕ ಹಾಸೋ ಜೋಡಣಿ ಚಾಪಿ ಬರತೈತಲ್ಲ, ಅದೂ ಇದ. ಎದಿ ಬೆನ್ನಿಗೆ 10 ಮಿ.ಮೀ., ಮುಂಗೈ ಮತ್ತ ಚಿಪ್ಪಿಗೆ 5 ಮಿ.ಮೀ., ಅಂಚಿನ ಪಟ್ಟಿಗೆ 2 ಮಿ.ಮೀ. ಬೆರಳಲೆ ಒತ್ತಿ ನೋಡಿ ತಗೋ. ಒತ್ತಿದ ಗುರುತು ಹಂಗ ಉಳೀತು ಅಂದ್ರ ಬ್ಯಾಡ, ಪಟ್ಟನ ವಾಪಸ್ ಬಂತು ಅಂದ್ರ ಅದು ಗಟ್ಟಿ ಮಾಲು. ಟಿವಿ ಡಬ್ಬದಾಗ ಬರೋ ಬಿಳಿ ಫೋಮು ಬ್ಯಾರೆ ಐತಿ, ಅದಕ್ಕ ಬಣ್ಣ ಹಿಡಿಯಂಗಿಲ್ಲ, ಬಿಸಿ ತಾಗಿದ್ರ ಮುದುಡಿ ಹೋಗತೈತಿ.

ಇವಿಎದಾಗ ಮಜಾ ಏನಂದ್ರ, ಹೀಟ್ ಗನ್ ಹಿಡಿದ್ರ ಮೆತ್ತಗ ಆಗತೈತಿ. ಮೊಣಕಾಲಿನ ಮ್ಯಾಲೆ ಇಟ್ಟು ಬಗ್ಗಿಸಿ ತಣ್ಣಗ ಆಗೂತನಕ ಹಿಡಕೊಂಡ್ರ ಹಂಗ ನಿಲ್ಲತೈತಿ. ಒಂದು ಗೇಣು ದೂರದಿಂದ ಹಿಡಿ, ಕೈ ಆಡಿಸ್ತಾ ಇರು. ಮ್ಯಾಲಿನ ಮೈ ಮಿರಿಮಿರಿ ಹೊಳೆಯಾಕ ಹತ್ತಿತು ಅಂದ್ರ ಸಣ್ಣ ತೂತೆಲ್ಲ ಮುಚ್ಚಿದಾವು ಅಂತ. ಗುಳ್ಳಿ ಎದ್ವು, ಹೊಗಿ ಬಂತು ಅಂದ್ರ ಸುಟ್ಟಿ.

ಈಗ ಅಂಟು. ಬಿಳಿ ಫೆವಿಕಾಲ್ ಇದನ್ನ ಹಿಡಿಯಂಗಿಲ್ಲ. ನಾವು ರೆಕ್ಸಿನ್‌ಗೆ ಹಚ್ಚೋದು ಎಸ್‌ಆರ್ ಅಂತ ಹಳದಿ ಅಂಟು, ಬಡಿಗ್ಯಾರೂ ಮೈಕಾ ಹಚ್ಚಾಕ ಬಳಸ್ತಾರ. ಎರಡೂ ಅಂಚಿಗೆ ತೆಳ್ಳಗ ಹಚ್ಚು. ಹತ್ತು ನಿಮಿಷ ಬಿಡು. ಬೆರಳು ಇಟ್ರ ಅಂಟಬಾರದು, ಆಗ ಕೂಡಿಸು. ಹಸಿ ಇದ್ದಾಗ ಕೂಡಿಸಿದ್ರ ಜಾರತೈತಿ. ಆದ್ರ ಒಮ್ಮೆ ಕೂಡಿತು ಅಂದ್ರ ಮುಗೀತು, ಸರಸಾಕ ಬರಂಗಿಲ್ಲ, ಮದುವಿ ಇದ್ದಂಗ. ಅದಕ್ಕ ಮೊದಲ ಎರಡೂ ಕಡೆ ಪೆನ್ನಿಲೆ ಗುರುತು ಗೀಟು ಹಾಕ್ಕೋ.

ಥರ್ಮಾಕೋಲ್‌ಗೆ ಮಾತ್ರ ಈ ಅಂಟು ತೋರಿಸಬ್ಯಾಡ. ಸಕ್ರಿ ನೀರಾಗ ಬಿದ್ದಂಗ ಕರಗತೈತಿ.

ಚಿಪ್ಪುಹಂದಿ

ಅಣ್ಣ, ಇದನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ತೀನಿ. ಹೀಟ್ ಗನ್ ಬದಲು ಹೇರ್ ಡ್ರೈಯರ್ ನಡೆಯುತ್ತಾ? ಗ್ಲೂ ಗನ್ನೇ ಸಾಕಾಗಲ್ವಾ?

ಸೀಟ್‌ಕವರ್ ಹುಬ್ಬಳ್ಳಿ

ಹೇರ್ ಡ್ರೈಯರ್ ಕೂದಲಿಗೆ. 10 ಮಿ.ಮೀ.ಗೆ ಅದರ ಬಿಸಿ ತಾಗೂದ ಇಲ್ಲ. ಗ್ಲೂ ಗನ್ನಿಲೆ ಅಂಟಿಸಿದ್ದನ್ನ ಬಿಸಿಲಾಗ ಬಿಟ್ಟು ನೋಡು, ಗೊತ್ತಾಗತೈತಿ.

ರಟ್ಟಿನ ಮೇಷ್ಟ್ರು

ಅಳತೆ ಬಗ್ಗೆ ನಾನು ಹೇಳ್ತೀನಿ. ಹಳೇ ಬನಿಯನ್ನು, ಹಳೇ ಪ್ಯಾಂಟು ಹಾಕ್ಕೋ. ಮೈಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಸ್ಕೋ, ಅದರ ಮೇಲೆ ಪ್ಯಾಕಿಂಗ್ ಟೇಪ್. ಗಟ್ಟಿಯಾಗಿ ಬಿಗಿಬೇಡ, ಉಸಿರು ಪೂರ್ತಿ ಎಳ್ಕೊಂಡು ನಿಂತಿರು. ಆಮೇಲೆ ರೂಮ್‌ಮೇಟ್ ಕೈಲಿ ಸ್ಕೆಚ್ ಪೆನ್ನಿಂದ ಕವಚದ ಗೆರೆ ಬರೆಸು. ಎದೆ ಮಧ್ಯಕ್ಕೆ ಒಂದು ನೇರ ಗೆರೆ, ಪಕ್ಕದ ಹೊಲಿಗೆ ಬರೋ ಕಡೆ ಅಡ್ಡಗೀಟು. ಕತ್ತರಿಯಿಂದ ಬಿಡಿಸಿ, ಮಧ್ಯದ ಗೆರೆಗೆ ಕತ್ತರಿಸಿ, ಅರ್ಧ ಭಾಗ ಮಾತ್ರ ಇಟ್ಕೋ. ಇನ್ನರ್ಧ ಅದನ್ನೇ ಮಗುಚಿ ಬರ್ಕೊಳ್ಳೋದು. ಎರಡೂ ಕಡೆ ಬೇರೆ ಬೇರೆ ಅಳತೆ ತೆಗೆದರೆ ಒಂದು ಭುಜ ಮೇಲೆ ಒಂದು ಕೆಳಗೆ ಬರುತ್ತೆ, ಯಾಕಂದ್ರೆ ನಮ್ಮ ದೇಹವೇ ಹಾಗಿರುತ್ತೆ.

ಇನ್ನು ಎಲ್ಲರೂ ಬೀಳೋ ಹಳ್ಳ. ತೋಳಿನ ಸುತ್ತಳತೆ 30 ಸೆಂ.ಮೀ. ಇದೆ ಅಂತ ಫೋಮನ್ನೂ 30ಕ್ಕೆ ಕತ್ತರಿಸ್ತಾರೆ. ಸುತ್ತಿದಾಗ ಫೋಮಿನ ಹೊರಮೈ ಹಿಗ್ಗುತ್ತೆ, ಒಳಮೈ ಕುಗ್ಗುತ್ತೆ, 30 ಉಳಿಯೋದು ದಪ್ಪದ ನಟ್ಟನಡುವೆ ಮಾತ್ರ. ಒಳಸುತ್ತಳತೆಯಲ್ಲಿ ಕಳೆದುಹೋಗೋದು ಎಷ್ಟು? ದಪ್ಪವನ್ನ 3.14ರಿಂದ ಗುಣಿಸು. 10 ಮಿ.ಮೀ. ದಪ್ಪಕ್ಕೆ 3 ಸೆಂ.ಮೀ. ಮೇಲೇ ಹೋಯ್ತು. ತೋಳಾಗಲಿ ಸೊಂಟವಾಗಲಿ ಕೊರತೆ ಅಷ್ಟೇ. ಆದರೆ ಸೊಂಟದಲ್ಲಿ 3 ಸೆಂ.ಮೀ. ಉಸಿರು ಹಿಡಿದರೆ ನಡೆದೀತು, ಮುಂಗೈಯಲ್ಲಿ ಕೈಯೇ ತೂರಲ್ಲ. ತರಗತಿಯಲ್ಲಿ ಪೈ ಯಾತಕ್ಕೆ ಬೇಕು ಸಾರ್ ಅಂತ ಕೇಳೋರಿಗೆ ನಾನು ಇದನ್ನೇ ತೋರಿಸೋದು.

ಓಸಾಕಾ ಅಕ್ಕ

ಶಿವಮೊಗ್ಗದವಳು, ಜಪಾನಿಗೆ ಬಂದು ಒಂಬತ್ತು ವರ್ಷ. ಚಿಪ್ಪಿನ ಕವಚ ಅಂದ ಕೂಡಲೇ ಓಡಿ ಬಂದೆ.

ಇಲ್ಲಿ ಒಡವಾರಾ ಊರಲ್ಲಿ ಪ್ರತಿ ವರ್ಷ ಮೇ 3ಕ್ಕೆ ಸಮುರಾಯ್ ಮೆರವಣಿಗೆ ನಡೆಯುತ್ತೆ, ಊರ ಜನವೇ ಕವಚ ತೊಟ್ಟು ಬೀದಿಗಿಳೀತಾರೆ. ಹತ್ತಿರದಿಂದ ನೋಡಿದರೆ ಅರ್ಥ ಆಗೋದು ಒಂದೇ, ಅದರಲ್ಲಿ ಮುಕ್ಕಾಲು ಭಾಗ ಹಗ್ಗ! ಹಳೇ ಜಪಾನಿ ಕವಚ ಅಂದ್ರೆ ಸಣ್ಣ ಸಣ್ಣ ತಗಡು ಅಥವಾ ತೊಗಲಿನ ಪಟ್ಟಿಗಳನ್ನ ರೇಷ್ಮೆ ದಾರದಲ್ಲಿ ಹೆಣೆದದ್ದು. ಎದೆ ಭಾಗದ ಕೆಳಗೆ ಸೊಂಟದ ಸುತ್ತ ಕುಸಾಜುರಿ ಅಂತ ಬಿಡಿ ಬಿಡಿ ತುಂಡು ನೇತಾಡುತ್ತೆ. ನಿಂತಾಗ ಲಂಗದ ಹಾಗೆ ತೊಡೆ ಮುಚ್ಚುತ್ತೆ, ಕೂತಾಗ ತುಂಡುಗಳು ತಾವೇ ಬೇರೆಯಾಗಿ ಪಕ್ಕಕ್ಕೆ ಸರಿಯುತ್ತೆ. ಮೇಷ್ಟ್ರ ರಾಜನಿಗೆ ಇದೇ ಬೇಕಿತ್ತು.

ಯುರೋಪಿನ ಉಕ್ಕಿನ ಕವಚವನ್ನೂ ಜನ ತಪ್ಪು ತಿಳೀತಾರೆ. ಯುದ್ಧಕ್ಕೆ ತೊಡ್ತಿದ್ದ ಪೂರ್ತಿ ಕವಚ ಸುಮಾರು 15ರಿಂದ 25 ಕೆ.ಜಿ. ಅಷ್ಟೂ ಭಾರ ಭುಜದ ಮೇಲೆ ಬೀಳದ ಹಾಗೆ ಒಳಗೊಂದು ಹತ್ತಿ ತುಂಬಿದ ಅಂಗಿ, ಆ ಅಂಗಿಗೆ ಲಾಡಿಯಿಂದ ತೊಡೆಯ ಭಾಗ ಕಟ್ತಿದ್ರು. ಚೌಕಿಮನೆಯವರು ಹೇಳಿದ ಅಡಿಪಾಯ ಇದೇ. ತೊಡೆಯ ಕವಚ ತೊಡೆಗೆ ಬಿಗಿಬಾರದು, ಸೊಂಟದಿಂದ ಇಳಿಬಿಡಬೇಕು. ಎಲಾಸ್ಟಿಕ್ ನಂಬಿ ತೊಡೆಗೆ ಬಿಗಿದರೆ ನೂರು ಹೆಜ್ಜೆಗೆ ಅದು ಮಂಡಿಗೆ ಇಳಿದಿರುತ್ತೆ, ಅನುಭವದಿಂದ ಹೇಳ್ತಿದ್ದೀನಿ.

ಅಂದ ಹಾಗೆ ನಿಜವಾದ ಚಿಪ್ಪುಹಂದಿ ಕವಚವೇ ಒಂದಿದೆ, ಗೊತ್ತಾ? 19ನೇ ಶತಮಾನದ ಆರಂಭದಲ್ಲಿ ಭಾರತದಲ್ಲಿ ಮಾಡಿದ್ದು. ಚಿಪ್ಪುಗಳಿಗೆ ಚಿನ್ನದ ಅಲಂಕಾರ, ಜೊತೆಗೆ ಹೊಂದೋ ಶಿರಸ್ತ್ರಾಣ. ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿದೆ. ಚಿತ್ರ ಹುಡುಕಿ ನೋಡು, ನಿನ್ನ ಬಣ್ಣದ ತಲೆನೋವು ಅಲ್ಲೇ ತೀರುತ್ತೆ.

ಕಾಡಂಚು

ಫೋಮ್ ಯಾಕೆ, ನಮ್ಮ ಕಡೆ ಒಬ್ಬರ ಅಟ್ಟದ ಮೇಲೆ ಹಳೇ ಕಾಲದ್ದು ನಿಜವಾದ ಚಿಪ್ಪೇ ಇದೆ. ಬೇಕಾದ್ರೆ ಕೇಳಿ ನೋಡ್ಲಾ?

ಓಸಾಕಾ ಅಕ್ಕ

ಬೇಡಪ್ಪಾ ದೇವರಾಣೆಗೂ ಬೇಡ. ಚಿಪ್ಪುಹಂದಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಮಾರೋದು, ಕೊಳ್ಳೋದು, ಇಟ್ಕೊಳ್ಳೋದು ಎಲ್ಲಾ ಜೈಲಿನ ದಾರಿ. ಅದರ ಚಿಪ್ಪು ನಮ್ಮ ಉಗುರಿನದೇ ವಸ್ತು, ಮದ್ದು ಅಂತ ನಂಬಿ ಆ ಪಾಪದ ಪ್ರಾಣಿಯನ್ನ ಕೊಲ್ತಿದ್ದಾರೆ. ಫೋಮೇ ಇರಲಿ.

ಚಿಪ್ಪುಹಂದಿ

ಒಪ್ಪಿದೆ. ಹೆಸರು ಇಟ್ಕೊಂಡಿರೋದೇ ಅದರ ಮೇಲಿನ ಪ್ರೀತಿಗೆ.

ಲೆಕ್ಕ ಹಾಕಿದೆ. ಒಂದು ಚಿಪ್ಪಿನಲ್ಲಿ ಕಣ್ಣಿಗೆ ಕಾಣೋ ಭಾಗ 6 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರ. ಹೊಟ್ಟೆ ಸುತ್ತ ಸಾಲಿಗೆ 16ರ ಹಾಗೆ ಎಂಟು ಸಾಲು, 128. ಎರಡು ತೊಡೆಗೆ 144. ಭುಜಕ್ಕೆ 60. ಒಟ್ಟು 332. ನಿನ್ನೆ ರಾತ್ರಿ ಕೂತು ಕಟರಿನಲ್ಲಿ ಹದಿನಾಲ್ಕು ಕತ್ತರಿಸಿದೆ. ಹೆಬ್ಬೆರಳಲ್ಲಿ ಗುಳ್ಳೆ. ಹದಿನಾಲ್ಕೂ ಹದಿನಾಲ್ಕು ಆಕಾರ.

ಸೀಟ್‌ಕವರ್ ಹುಬ್ಬಳ್ಳಿ

ಬ್ಲೇಡಿನ ತುದಿ ಮುರೀಬೇಕೋ ತಮ್ಮಾ. ಮೊಂಡ ಬ್ಲೇಡು ಫೋಮನ್ನ ಕೊಯ್ಯಂಗಿಲ್ಲ, ಹರೀತೈತಿ. ಹತ್ತು ಚಿಪ್ಪಿಗೊಮ್ಮೆ ಹೊಸ ತುದಿ ತಗೋ.

ಇಲ್ಲಾಂದ್ರ ಇನ್ನೊಂದು ಹಾದಿ ಐತಿ. ಚಪ್ಪಲಿ ಮಾಡೋ ಕಾರ್ಖಾನಿಯೊಳಗ ಡೈ ಪ್ರೆಸ್ ಇರತೈತಿ. ನಿನ್ನ ಚಿಪ್ಪಿನ ಆಕಾರಕ್ಕ ಉಕ್ಕಿನ ಪಟ್ಟಿ ಬಗ್ಗಿಸಿ ಡೈ ಮಾಡಿಸಿದ್ರ ಒಂದ ಒತ್ತಿಗೆ ಒಂದು ಚಿಪ್ಪು ಬೀಳತೈತಿ. 332 ಅಂದ್ರ ಅವರಿಗೆ ಚಾ ಕುಡಿಯೋ ಹೊತ್ತಿನ ಕೆಲಸ. ನಿಮ್ಮೂರಾಗ ವಿಚಾರಿಸಿ ನೋಡು.

ಚೌಕಿಮನೆ

ಚಿಪ್ಪು ಅಂಟಿಸುವಾಗ ಹೆಂಚು ಹೊದಿಸುವವರನ್ನು ನೆನಪು ಮಾಡಿ. ಸೂರಿನಿಂದ ಶುರು ಮಾಡಿ ಮಾಡಿನ ನೆತ್ತಿಗೆ ಹೋಗುದು. ಕೆಳಗಿನ ಸಾಲು ಮೊದಲು, ಅದರ ತಲೆಯ ಮೇಲೆ ಮುಂದಿನ ಸಾಲಿನ ಪಾದ, ಅರ್ಧ ಚಿಪ್ಪು ಪಕ್ಕಕ್ಕೆ ಸರಿಸಿ. ಅಂಟು ಮೇಲಿನ ಅಂಚಿಗೆ ಮಾತ್ರ. ಕೆಳಗಿನ ತುದಿ ಬಿಡುವಾಗಿ ಇರಬೇಕು. ಪೂರ್ತಿ ಅಂಟಿಸಿದ್ರೆ ಅದು ಚಿಪ್ಪಲ್ಲ, ಗೋಡೆಗೆ ಕೂರಿಸಿದ ಟೈಲ್ಸ್.

ಅಡಿಗೆ ದಪ್ಪ ಬಟ್ಟೆ ಹಾಕಿ, ಹಿಗ್ಗುವ ಬಟ್ಟೆ ಬೇಡ. ಅದು ಎಳೆದಾಗ ಹಿಗ್ಗುತ್ತದೆ, ಅಂಟು ಹಿಗ್ಗುದಿಲ್ಲ.

ಚಿಪ್ಪುಹಂದಿ (ಮೂರು ವಾರದ ನಂತರ)

ಸುದ್ದಿ ಮೂರು. ಎರಡು ಕೆಟ್ಟದ್ದು, ಒಂದು ಒಳ್ಳೇದು.

ಒಂದು: ಭುಜದ ಭಾಗ ಗ್ಲೂ ಗನ್ನಿಂದಲೇ ಕೂಡಿಸಿದ್ದೆ, ಯಾರ ಮಾತೂ ಕೇಳದೆ. ಊರಿಗೆ ತಗೊಂಡು ಹೋಗುವಾಗ ಗೆಳೆಯನ ಕಾರಿನ ಹಿಂದಿನ ಗಾಜಿನ ಹತ್ರ ಇಟ್ಟು ಮಧ್ಯಾಹ್ನ ಊಟಕ್ಕೆ ಇಳಿದ್ವಿ. ವಾಪಸ್ ಬಂದಾಗ ಅಂಟೆಲ್ಲ ಬೆಲ್ಲದ ಪಾಕ. ಅದೇ ಕಾರಲ್ಲಿ ಸೀನಿಯರ್ ಒಬ್ಬರು 3ಡಿ ಪ್ರಿಂಟ್ ಮಾಡಿಕೊಟ್ಟಿದ್ದ ಮೊಣಕೈ ಚಿಪ್ಪೂ ಇತ್ತು, ಅದೂ ಸೊಟ್ಟ. ಆ ಪ್ರಿಂಟಿಗೆ ಬಳಸಿದ್ದ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತೆ ಅಂತ ಆಮೇಲೆ ಓದಿದೆ.

ಎರಡು: ಹಳದಿ ಅಂಟು ತಂದು, ಮಳೆ ಅಂತ ರೂಮಿನ ಕಿಟಕಿ ಮುಚ್ಕೊಂಡು ಎರಡು ಗಂಟೆ ಹಚ್ಚಿದೆ. ತಲೆ ತಿರುಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ರೂಮ್‌ಮೇಟ್ ನಿಂಬೆ ಶರಬತ್ ತಂದುಕೊಟ್ಟ.

ಒಳ್ಳೇದು: ಡೈ ಪ್ರೆಸ್ ಸಿಕ್ತು! 340 ಚಿಪ್ಪು, ಎಲ್ಲಾ ಅವಳಿಜವಳಿ.

ಸೀಟ್‌ಕವರ್ ಹುಬ್ಬಳ್ಳಿ

ಏ ಹುಚ್ಚ! ಆ ಅಂಟಿನಾಗ ಟಾಲ್ವೀನ್ ಅಂತ ತಲಿ ತಿರುಗಿಸೋ ದ್ರಾವಕ ಇರತೈತಿ. ನಾನು ಇಪ್ಪತ್ತು ವರ್ಷದಿಂದ ಹಚ್ಚಾಕತ್ತೀನಿ, ಇವತ್ತೂ ಅಂಗಡಿ ಹೊರಗ ಕುಂತ ಹಚ್ಚೋದು. ಮಾಳಗಿ ಮ್ಯಾಲೆ ಹೋಗು, ಗಾಳಿ ಬೆನ್ನಿಗೆ ಬೀಳಬೇಕು. ಬಟ್ಟಿ ಮಾಸ್ಕಿನಿಂದ ವಾಸನಿ ನಿಲ್ಲಂಗಿಲ್ಲ, ಅದಕ್ಕ ಇದ್ದಿಲು ತುಂಬಿದ ಡಬ್ಬಿ ಇರೋ ಮಾಸ್ಕ್ ಬೇಕು. ಧೂಳಿನ ಮಾಸ್ಕು ಬ್ಯಾರೆ, ಅದು ಫೋಮು ಉಜ್ಜೋ ಮುಂದ. ಅಂಟಿನ ಡಬ್ಬಿ ತೆರೆದಿದ್ದಾಗ ಹೀಟ್ ಗನ್ ಹಚ್ಚಬ್ಯಾಡ, ಊದಿನಕಡ್ಡಿ ಸಹಿತ ಬ್ಯಾಡ. ಭಕ್ ಅಂತ ಹತ್ತತೈತಿ.

ಬಯ್ದೆ ಅಂತ ಬ್ಯಾಸರ ಮಾಡ್ಕೋಬ್ಯಾಡ.

ಚಿಪ್ಪುಹಂದಿ

ಇಲ್ಲ ಅಣ್ಣ. ಅಮ್ಮ ಇದಕ್ಕಿಂತ ಜಾಸ್ತಿ ಬೈದ್ರು.

ಐದುವೋಲ್ಟು (ಬೆಂಗಳೂರು)

ಹೆಲ್ಮೆಟ್ ಕಣ್ಣಿನ ವಿಷಯಕ್ಕೆ ಬಂದೆ. ಹಳದಿ ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಪವರ್ ಬ್ಯಾಂಕಿನ 5 ವೋಲ್ಟ್ ನೇರ ಕೊಟ್ರೆ ಒಂದು ಸಲ ಜೋರಾಗಿ ನಗುತ್ತೆ, ಆಮೇಲೆ ಸಾಯುತ್ತೆ. ಒಂದೊಂದಕ್ಕೂ 220 ಓಮ್ ರೆಸಿಸ್ಟರ್ ಹಾಕು, 14 ಮಿಲಿಆಂಪ್ ಹತ್ತಿರ ಹರಿಯುತ್ತೆ, ಅಷ್ಟು ಬೆಳಕು ಧಾರಾಳ. ಎಸ್‌ಪಿ ರೋಡಲ್ಲಿ ಹಿಡಿ ತುಂಬ ಕೊಡ್ತಾರೆ.

ಈಗ ಯಾರೂ ಹೇಳದ ತೊಂದರೆ. ಎರಡು ಕಣ್ಣು ಸೇರಿ 28 ಮಿಲಿಆಂಪ್. ಎಷ್ಟೋ ಪವರ್ ಬ್ಯಾಂಕುಗಳು ಇಷ್ಟು ಕಮ್ಮಿ ಎಳೆದರೆ ಫೋನ್ ತೆಗೆದ್ರು ಅಂದ್ಕೊಂಡು ಅರ್ಧ ನಿಮಿಷದಲ್ಲಿ ಮಲಗಿಬಿಡುತ್ವೆ. ನಿನ್ನ ಯೋಧ ಗೇಟಿನ ಹತ್ರವೇ ಕುರುಡ. ಮದ್ದು ಏನಂದ್ರೆ ಅದೇ ತಂತಿಗೆ 5 ವೋಲ್ಟಿನ 40 ಮಿ.ಮೀ. ಫ್ಯಾನ್ ಒಂದು ಸೇರಿಸು. ಅದು ನೂರಕ್ಕೂ ಮೇಲೆ ಎಳೆಯುತ್ತೆ, ಪವರ್ ಬ್ಯಾಂಕ್ ಎಚ್ಚರ ಇರುತ್ತೆ, ನಿನ್ನ ಮುಖವೂ ಬೇಯಲ್ಲ. ಫ್ಯಾನನ್ನ ಮೂತಿಯ ತುದಿಯಲ್ಲಿ ಹೊರಗೆ ಗಾಳಿ ತಳ್ಳೋ ಹಾಗೆ ಕೂರಿಸು, ಉಸಿರಿನ ಆವಿ ಅಲ್ಲೇ ಹೊರಗೆ ಹೋಗುತ್ತೆ. ಕಣ್ಣಿನ ಪ್ಲಾಸ್ಟಿಕ್ ಒಳಗೆ ಪಾತ್ರೆ ತೊಳೆಯೋ ದ್ರವ ಒಂದು ತೊಟ್ಟು ಸವರಿ ಒರೆಸಿದ್ರೆ ಮಂಜು ಕಟ್ಟೋದೂ ಕಮ್ಮಿ.

ಬಿಡಿ ಲಿಥಿಯಂ ಸೆಲ್ ತಂದು ಬೆವರೋ ಬೆನ್ನಿಗೆ ಕಟ್ಕೋಬೇಡ. ಪವರ್ ಬ್ಯಾಂಕ್ ಸೊಂಟದ ಪಾಕೆಟ್ಟಲ್ಲಿರಲಿ, ಬಿಸಿಯಾದ್ರೆ ಕೈಗೆ ಸಿಗಬೇಕು.

ಕೊಪ್ಪಳದ ಬಣ್ಣ

ರಟ್ಟಿನ ಮೂತಿ ಅರ್ಧ ಆಗೇತಿ ಅಂದ್ರಲ್ಲ, ಅದನ್ನ ಬಿಸಾಕಬ್ಯಾಡ್ರಿ. ನಮ್ಮ ಕಿನ್ನಾಳದಾಗ ಮರದ ಗೊಂಬಿ ಮಾಡೋರು ಹಳೆ ಗೋಣಿ ಬಟ್ಟಿ, ಕಟ್ಟಿಗಿ ಹೊಟ್ಟು, ಹುಣಸಿ ಬೀಜದ ಅಂಟು ಕಲಸಿ ಕಿಟ್ಟ ಮಾಡಿ ಸಂದು ತುಂಬ್ತಾರ. ರಟ್ಟಿನ ಮೂತಿ ಮ್ಯಾಲೂ ಅದನ್ನ ತೆಳ್ಳಗ ಬಳದು ನೆರಳಾಗ ಒಣಗಿಸಿ ಉಜ್ಜಿದ್ರ ಗಟ್ಟಿ ಮೈ ಬರತೈತಿ. ಖರ್ಚು ಏನೂ ಇಲ್ಲ. ಬಗ್ಗೋ ಜಾಗಕ್ಕ ಮಾತ್ರ ಹಚ್ಚಬ್ಯಾಡ್ರಿ, ಬಿರುಕು ಬಿಡತೈತಿ.

ಓಸಾಕಾ ಅಕ್ಕ

ಬಣ್ಣಕ್ಕೂ ಇದೇ ಮಾತು. ಎದೆ, ಬೆನ್ನು ಅಲುಗಾಡಲ್ಲ, ಅಲ್ಲಿ ಬಿಳಿ ಫೆವಿಕಾಲನ್ನ ನೀರಲ್ಲಿ ತೆಳ್ಳಗೆ ಮಾಡಿ ಮೂರು ನಾಲ್ಕು ಕೈ ಹೊಡೆದು ಮೇಲೆ ಬಣ್ಣ ಹಾಕಬಹುದು. ಚಿಪ್ಪುಗಳಿಗೆ ಅದು ಬೇಡ, ಬಿಸಿ ತೋರಿಸಿ ಮೈ ಮುಚ್ಚಿಸಿ ನೇರ ಅಕ್ರಿಲಿಕ್, ತೆಳ್ಳಗೆ. ದುಡ್ಡು ಉಳಿದರೆ ರಬ್ಬರಿನ ಸ್ಪ್ರೇ. ಮೊದಲು ಪೂರ್ತಿ ಕಡುಗಂದು. ಒಣಗಿದ ಮೇಲೆ ಬ್ರಷ್‌ಗೆ ಚಿನ್ನದ ಬಣ್ಣ ಮುಟ್ಟಿಸಿ, ಕಾಗದಕ್ಕೆ ಒರೆಸಿ, ಬಣ್ಣ ಇಲ್ಲವೇ ಇಲ್ಲ ಅನಿಸಿದಾಗ ಚಿಪ್ಪಿನ ಅಂಚಿಗೆ ಸವರು. ಕೊನೆಗೆ ನೀರು ನೀರಾದ ಕಪ್ಪು ಹಚ್ಚಿ ತಕ್ಷಣ ಬಟ್ಟೆಯಲ್ಲಿ ಒರೆಸು. ಸಂದಿಯಲ್ಲಿ ಉಳಿದ ಕಪ್ಪೇ ನೂರು ವರ್ಷ ಹಳೇದು ಅನ್ನಿಸೋದು.

ಚಿಪ್ಪುಹಂದಿ (ಇನ್ನೂ ನಾಲ್ಕು ವಾರದ ನಂತರ)

ಕವಚ ಮುಗೀತು, ಹೆಲ್ಮೆಟ್ ಬಿಟ್ಟು. ಮೇಷ್ಟ್ರ ಪರೀಕ್ಷೆಗೆ ನಿಂತೆ. ಮೆಟ್ಟಿಲು: ಪಾಸು. ಪ್ಲಾಸ್ಟಿಕ್ ಕುರ್ಚಿ: ಪಾಸು. ನೆಲದ ಮೇಲೆ ಚಕ್ಕಂಬಕ್ಕಳ: ಫೇಲು, ಆದರೂ ಮಂಡಿಯೂರಿ ಕೂರಬಹುದು. ಆಟೋ ಹತ್ತೋದು: ಪಕ್ಕಕ್ಕೆ ತಿರುಗಿ ಪಾಸು. ಹಾಸ್ಟೆಲ್ ಶೌಚಾಲಯ: ತೊಡೆಯ ಭಾಗ ಟಿಚ್ ಬಟನ್ ಬಿಚ್ಚಿದರೆ ಬರೋ ಹಾಗೆ ಬದಲಾಯಿಸಿದ ಮೇಲೆ ಪಾಸು.

ತೂಕ ಹೆಲ್ಮೆಟ್ ಸೇರಿ 4 ಕೆ.ಜಿ. ಒಳಗೇ ನಿಲ್ಲೋ ಅಂದಾಜು. ಖರ್ಚು 5,600. ಅಪ್ಪನಿಗೆ 5,000 ಅಂತಲೇ ಹೇಳಿದೀನಿ.

ರಟ್ಟಿನ ಮೇಷ್ಟ್ರು

ಈಗ ತಲೆಗೆ ಕೈ ಹಾಕು. ತೊಡೋ ಕ್ರಮ ಮಾತ್ರ ಪಾದದಿಂದ ಮೇಲಕ್ಕೆ. ಎದೆ ಕಟ್ಟಿದ ಮೇಲೆ ಬಗ್ಗಿ ಕಾಲಿನ ಬಕಲ್ ಹಾಕೋಕೆ ಆಗಲ್ಲ.

ಚಿಪ್ಪುಹಂದಿ (ಕಾಮಿಕ್ ಕಾನ್ ಮುಗಿದ ಮಾರನೇ ದಿನ)

ಮೈಯೆಲ್ಲ ನೋವು, ಆದ್ರೂ ಬರೀತೀನಿ.

ತೊಡೋಕೆ ನಲವತ್ತು ನಿಮಿಷ ಹಿಡೀತು, ರೂಮ್‌ಮೇಟ್ ಇಲ್ಲದಿದ್ರೆ ಆಗ್ತಿರಲಿಲ್ಲ. ಪಾಪ, ಇಡೀ ದಿನ ನನ್ನ ಬ್ಯಾಗ್ ಹೊತ್ತು ಹಿಂದೆ ಅಲೆದ, ನೀರು ಕುಡಿಸೋದಕ್ಕೆ ಸ್ಟ್ರಾ ಹಿಡಿದ. ಬ್ಯಾಗಲ್ಲಿ ಅಂಟಿನ ಸಣ್ಣ ಟ್ಯೂಬು, ಸೇಫ್ಟಿ ಪಿನ್ನು, ಎಲಾಸ್ಟಿಕ್, ಹದಿನೈದು ಬಿಡಿ ಚಿಪ್ಪು. ಹನ್ನೊಂದು ಉದುರಿದವು, ಹನ್ನೊಂದನ್ನೂ ಹೊರಗೆ ಮರದಡಿ ನಿಂತು ಅಂಟಿಸಿದ್ವಿ. ಫ್ಯಾನ್ ನಿಲ್ಲಲಿಲ್ಲ. ಹೆಲ್ಮೆಟ್ಟಲ್ಲಿ ಕಾಣೋದು ಮಾತ್ರ ಎದುರಿಗೆ ಒಂದು ತಟ್ಟೆಯಷ್ಟು ಜಾಗ, ಕಾಲಬುಡದಲ್ಲಿ ಮಕ್ಕಳಿದ್ರೆ ಗೊತ್ತೇ ಆಗಲ್ಲ. ಒಂದು ಮಗು ತೊಡೆಯ ಚಿಪ್ಪು ಎತ್ತಿ ಎತ್ತಿ ಬಿಟ್ಟು ಟಪಟಪ ಸದ್ದು ಮಾಡ್ತಾ ಇತ್ತು. ಅವರಮ್ಮ ಎಳ್ಕೊಂಡು ಹೋಗೋ ತನಕ ನಾನು ಕಲ್ಲಿನ ಹಾಗೆ ನಿಂತಿದ್ದೆ.

ಅದೇ ವೇಷದವರು ಎಷ್ಟು ಜನ ಸಿಕ್ಕಿದ್ರು? ಸೊನ್ನೆ.

ಒಂದೇ ಎಡವಟ್ಟು. ಮಧ್ಯಾಹ್ನ ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ತೆಗೆದು ಮೆಟ್ಟಿಲ ಮೇಲೆ ಆರಾಮಾಗಿ ಕೂತೆ, ಹೆಲ್ಮೆಟ್ ತೆಗೆದೆ, ಕೈ ಬಾಯಿ ತನಕ ಬರ್ತಾನೇ ಇಲ್ಲ! ಒಂದು ಗೇಣು ಇರುವಾಗ ಮುಂಗೈ ಕವಚ ತೋಳಿನ ಕವಚಕ್ಕೆ ಗುದ್ದಿ ನಿಲ್ಲುತ್ತೆ. ಕೂರೋದು, ಏಳೋದು, ಹತ್ತೋದು ಎಲ್ಲಾ ನೋಡಿದ್ದೆ, ತಿನ್ನೋದು ನೋಡಿರಲಿಲ್ಲ. ಅಷ್ಟು ಜನರ ಮುಂದೆ ರೂಮ್‌ಮೇಟ್ ತುತ್ತು ಹಾಕಿದ. ಅದರ ಫೋಟೋನೇ ಈಗ ಎಲ್ಲಾ ಕಡೆ ಓಡಾಡ್ತಿದೆ, ಹೆಲ್ಮೆಟ್‌ದಲ್ಲ.

ಚೌಕಿಮನೆ

ಮೊಣಕೈ ಒಳಮಡಿಕೆಯ ಕಡೆ ಎರಡೂ ತುಂಡಿನ ಅಂಚನ್ನು ಅರ್ಧಚಂದ್ರದ ಹಾಗೆ ಎರಡು ಬೆರಳು ಕತ್ತರಿಸಿ. ಹೊರಗಿನ ಕಡೆ ಮುಟ್ಟಬೇಡಿ. ಕೈ ಚಾಚಿದಾಗ ಸಂದು ಕಾಣುದಿಲ್ಲ, ಮಡಚಿದಾಗ ಜಾಗ ಸಿಗ್ತದೆ.

ಚಿಪ್ಪುಹಂದಿ

ಕತ್ತರಿಸಿದೆ. ಈಗಷ್ಟೇ ಎರಡೂ ಕೈಗೆ ಹಾಕ್ಕೊಂಡು ಮೆಸ್‌ನಲ್ಲಿ ಆರು ಇಡ್ಲಿ ತಿಂದು ಬಂದೆ. ಎಡಗೈ ಮೇಲೆ ಸಾಂಬಾರ್ ಚೆಲ್ಲಿದೆ, ಆದ್ರೆ ಅದು ಚಿಪ್ಪಿನ ಬಣ್ಣಕ್ಕೇ ಹೊಂದ್ಕೊಂಡಿದೆ, ಹಾಗೇ ಬಿಡ್ತೀನಿ.